ವಿಧಿವಿಜ್ಞಾನ ತಜ್ಞರು ‘ಇವನೇ ಮಾಡಿದ್ದು’ ಎಂದು ಏಕೆ ಬರೆಯುವುದಿಲ್ಲ?

ಪ್ರಶ್ನೆ (ಕಾನೂನು ವಿದ್ಯಾರ್ಥಿ):

ಸಾಕ್ಷ್ಯ ಕಾನೂನನ್ನು ಓದುತ್ತಿರುವ ನನಗೆ ವಿಧಿವಿಜ್ಞಾನ ವರದಿಗಳ ಅಳೆದು ತೂಗಿದ ಧಾಟಿ ಗೊಂದಲವನ್ನುಂಟುಮಾಡಿದೆ. ಕೊಲೆಗೆ ಬಳಸಿದ ಚಾಕುವಿನ ಹಿಡಿಯಲ್ಲಿ ಆರೋಪಿಯ ಡಿಎನ್‌ಎ ಸಿಕ್ಕಿದ ಮೇಲೂ ತಜ್ಞರು ‘ಈ ಮಾದರಿಯು ಆರೋಪಿಯ ಮಾದರಿಯೊಂದಿಗೆ ಹೊಂದುತ್ತದೆ’ ಎಂಬಲ್ಲಿಗೇ ನಿಲ್ಲಿಸುತ್ತಾರೆ. ಅವನು ಚಾಕುವನ್ನು ಯಾವಾಗ ಮುಟ್ಟಿದನು, ಇರಿದವನು ಅವನೇ ಹೌದೇ ಎಂಬುದರ ಬಗ್ಗೆ ಒಂದು ಮಾತೂ ಇರುವುದಿಲ್ಲ. ಇದು ವಿಜ್ಞಾನದ ಮಿತಿಯೇ, ಅಥವಾ ಪಾಟೀಸವಾಲಿಗೆ ಅಂಜಿ ಬೆಳೆದುಬಂದ ರೂಢಿಯೇ? ತಜ್ಞರಿಗೆ ಪ್ರಕರಣದ ಪೂರ್ತಿ ಕಡತವನ್ನು ಕೊಟ್ಟರೆ ಅವರು ಇನ್ನಷ್ಟು ಸ್ಪಷ್ಟವಾಗಿ ಹೇಳಲಾರರೇ?

ಉತ್ತರ 1 (ಡಿಎನ್‌ಎ ವಿಭಾಗದಲ್ಲಿ ಕೆಲಸ ಮಾಡುವವರು):

ಅಂಜಿಕೆಯ ಮಾತು ಇಲ್ಲಿಲ್ಲ. ಕುರುಹು ಯಾರದು, ಅದು ಯಾವ ಕ್ರಿಯೆಯಿಂದ ಅಲ್ಲಿಗೆ ಬಂತು, ಆ ಕ್ರಿಯೆ ಅಪರಾಧವೇ ಎಂಬ ಮೂರು ಪ್ರಶ್ನೆಗಳು ಒಂದರ ಹಿಂದೊಂದು ನಿಂತಿರುತ್ತವೆ. ಪ್ರಯೋಗಾಲಯದ ಪರೀಕ್ಷೆ ನೇರವಾಗಿ ತಾಗುವುದು ಮೊದಲನೆಯದಕ್ಕೆ ಮಾತ್ರ. ಮೂರನೆಯದು ಸಂಪೂರ್ಣವಾಗಿ ನ್ಯಾಯಾಲಯದ ಅಧಿಕಾರಕ್ಕೆ ಸೇರಿದ್ದು. ನಡುವಿನದೇ ಕಷ್ಟದ್ದು: ಇಬ್ಬರು ಕೈಕುಲುಕಿ, ಅವರಲ್ಲೊಬ್ಬನು ಸ್ವಲ್ಪ ಹೊತ್ತಿನಲ್ಲೇ ಚಾಕು ಹಿಡಿದರೆ, ಅದನ್ನು ಎಂದೂ ಮುಟ್ಟದ ಇನ್ನೊಬ್ಬನ ಡಿಎನ್‌ಎ ಕೂಡ ಹಿಡಿಯಲ್ಲಿ ಸಿಗುವ ಸಾಧ್ಯತೆಯಿದೆ. ಅದು ಅಲ್ಲಿಗೆ ಬಂದ ದಿನಾಂಕವನ್ನೂ ಡಿಎನ್‌ಎ ಹೇಳುವುದಿಲ್ಲ.

‘ಹೊಂದುತ್ತದೆ’ ಎಂಬುದರ ತೂಕವನ್ನೂ ಅಂಕಿಯಿಂದಲೇ ತಿಳಿಯಬೇಕು. ಮಿಶ್ರವಾಗಿದ್ದ ಅಥವಾ ಹಾಳಾಗಿದ್ದ ಮಾದರಿಯೊಂದರಿಂದ ದೊರೆತ ಅಪೂರ್ಣ ವಿನ್ಯಾಸವು 10 ಲಕ್ಷ ಜನರಲ್ಲಿ ಒಬ್ಬರಲ್ಲಿ ಕಂಡುಬರುವಂಥದ್ದು ಎಂದಿಟ್ಟುಕೊಳ್ಳೋಣ. 1 ಕೋಟಿ ಜನರಿರುವ ನಗರದಲ್ಲಿ ಅಂಥವರು ಸುಮಾರು 10 ಮಂದಿ ಇರಬಹುದು. ಹೀಗಿರುವಾಗ ‘ಆರೋಪಿ ನಿರಪರಾಧಿಯಾಗಿರುವ ಸಾಧ್ಯತೆ 10 ಲಕ್ಷದಲ್ಲಿ ಒಂದು’ ಎಂದು ವಾದಿಸುವುದು ಶುದ್ಧ ತಪ್ಪು, ಮತ್ತು ಅದು ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿರುವ ತಪ್ಪು.

ಅಲ್ಲಗಳೆಯುವ ವಿಷಯದಲ್ಲಿ ಮಾತ್ರ ನಮ್ಮ ಧ್ವನಿ ಗಟ್ಟಿಯಾಗಿರುತ್ತದೆ. ಇಂಗ್ಲೆಂಡಿನ ಲೆಸ್ಟರ್ ಬಳಿ 1983 ಮತ್ತು 1986ರಲ್ಲಿ ನಡೆದ ಇಬ್ಬರು ಬಾಲಕಿಯರ ಕೊಲೆಗಳಲ್ಲಿ ಒಂದನ್ನು 17 ವರ್ಷದ ಹುಡುಗನೊಬ್ಬ ತಾನೇ ಮಾಡಿದ್ದೆಂದು ಒಪ್ಪಿಕೊಂಡಿದ್ದನು. ಡಿಎನ್‌ಎಯಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನವನ್ನು ರೂಪಿಸಿದ ವಿಜ್ಞಾನಿ ಅಲೆಕ್ ಜೆಫ್ರೀಸ್ ಅವರು ಪರೀಕ್ಷಿಸಿ, ಎರಡೂ ಕಡೆಯ ವೀರ್ಯ ಒಬ್ಬನದೇ ಎಂದೂ, ಆದರೆ ಅದು ಆ ಹುಡುಗನದಲ್ಲವೆಂದೂ ತೋರಿಸಿದರು. ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಕೊಲೆ ತನಿಖೆಯಲ್ಲಿ ಡಿಎನ್‌ಎಯ ಮೊದಲ ಕೆಲಸವೇ ಒಬ್ಬನನ್ನು ಬಿಡಿಸಿದ್ದು ಎಂಬುದನ್ನು ಈ ವೃತ್ತಿಗೆ ಬರುವ ಪ್ರತಿಯೊಬ್ಬರೂ ನೆನಪಿಡಬೇಕೆಂದು ನನಗೆ ಅನಿಸುತ್ತದೆ.

ಉತ್ತರ 2 (ಘಟನಾ ಸ್ಥಳದಿಂದ ಸಾಕ್ಷ್ಯ ಸಂಗ್ರಹಿಸುವವರು):

ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ: ಪ್ರಯೋಗಾಲಯ ಎಷ್ಟೇ ನಿಷ್ಠುರವಾಗಿದ್ದರೂ ಅದು ಪರೀಕ್ಷಿಸುವುದು ನಾವು ಕಳಿಸಿದ್ದನ್ನೇ. ರಕ್ತ ಹತ್ತಿದ ಒದ್ದೆ ಬಟ್ಟೆಯನ್ನು ಒಣಗಿಸಿ ಕಾಗದದ ಚೀಲದಲ್ಲಿ ಇಡದೆ ಪ್ಲಾಸ್ಟಿಕ್‌ನಲ್ಲಿ ಕಟ್ಟಿಬಿಟ್ಟರೆ ತೇವಕ್ಕೆ ಬೂಷ್ಟು ಹಿಡಿದು ಡಿಎನ್‌ಎ ಕೆಡುತ್ತದೆ. ರಕ್ತದ ಕಲೆ ಹುಡುಕಲು ಬಳಸುವ ಲ್ಯೂಮಿನಾಲ್ ಎಂಬ ರಾಸಾಯನಿಕವನ್ನು ಸಿಂಪಡಿಸಿದಾಗ ನೆಲ ನೀಲಿಯಾಗಿ ಹೊಳೆದರೆ ಅದು ರಕ್ತವಿರಬಹುದು ಎಂಬ ಸೂಚನೆ ಮಾತ್ರ. ಬ್ಲೀಚ್‌ನಿಂದ ಒರೆಸಿದ ನೆಲವೂ ಹೊಳೆಯುತ್ತದೆ.

ಜರ್ಮನಿಯ ಹೈಲ್‌ಬ್ರಾನ್ ಪ್ರಕರಣವನ್ನು ಓದಿ. 2007ರಲ್ಲಿ ಅಲ್ಲಿ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಾದಾಗ ಸಿಕ್ಕ ಹೆಣ್ಣಿನ ಡಿಎನ್‌ಎ, ಜರ್ಮನಿ, ಆಸ್ಟ್ರಿಯಾ ಮತ್ತು ಫ್ರಾನ್ಸ್‌ಗಳ ಸುಮಾರು 40 ಅಪರಾಧ ಸ್ಥಳಗಳಲ್ಲಿಯೂ ದೊರೆತಿತ್ತು. ಪರಸ್ಪರ ಸಂಬಂಧವೇ ಇಲ್ಲದ ಕೊಲೆ ಮತ್ತು ಸಣ್ಣ ಕಳ್ಳತನಗಳ ಹಿಂದೆ ಒಬ್ಬಳೇ ಇದ್ದಾಳೆಂದು ಪೊಲೀಸರು ಹುಡುಕಿದರು. ಅದು ಮಾದರಿ ತೆಗೆಯುವ ಹತ್ತಿಕಡ್ಡಿಗಳನ್ನು ತಯಾರಿಸುವ ಘಟಕದ ಕೆಲಸಗಾರ್ತಿಯೊಬ್ಬರ ಡಿಎನ್‌ಎ ಎಂದು 2009ರಲ್ಲಿ ಗೊತ್ತಾಯಿತು. ಕಡ್ಡಿಗಳನ್ನು ಕ್ರಿಮಿಶುದ್ಧಿಗೊಳಿಸಲಾಗಿತ್ತು, ಆದರೆ ಕ್ರಿಮಿಗಳನ್ನು ಕೊಂದರೆ ಡಿಎನ್‌ಎ ಹೋಗುವುದಿಲ್ಲ. ಪರೀಕ್ಷೆ ಪ್ರತಿ ಬಾರಿಯೂ ಸರಿಯಾಗಿಯೇ ನಡೆದಿತ್ತು. ಮುದ್ರೆ, ಸಹಿ, ಯಾರ ಕೈಯಿಂದ ಯಾರ ಕೈಗೆ ಎಂಬ ದಾಖಲೆಗಳ ಜೊತೆಗೆ, ಬಳಸದ ಕಡ್ಡಿಯೊಂದನ್ನೂ ಪರೀಕ್ಷೆಗೆ ಕಳಿಸುವುದು ಏಕೆ ಮುಖ್ಯವೆಂದು ಇದರಿಂದ ಅರಿವಾಗುತ್ತದೆ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು. ಕಡತದ ಬಗ್ಗೆ ನಾನು ಕೇಳಿದ್ದು ಹಾಗೆಯೇ ಉಳಿಯಿತು. ಹೆಚ್ಚು ಮಾಹಿತಿಯಿದ್ದರೆ ತಜ್ಞರ ನಿರ್ಣಯ ಇನ್ನಷ್ಟು ಉತ್ತಮವಾಗಬೇಕಲ್ಲವೇ?

ಉತ್ತರ 3 (ಬೆರಳಚ್ಚು ತಜ್ಞರು):

ಬೆರಳಚ್ಚಿನ ವಿಷಯದಲ್ಲಂತೂ ಅದು ಕೆಡಿಸುತ್ತದೆ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ನಂತರ ಸಿಕ್ಕ ಒಂದು ಬೆರಳಚ್ಚು ಅಮೆರಿಕದ ವಕೀಲರೊಬ್ಬರದೆಂದು ಎಫ್‌ಬಿಐ ತಜ್ಞರು ನಿರ್ಣಯಿಸಿದರು. ಮರುಪರಿಶೀಲಿಸಿದವರೂ ಮೊದಲ ನಿರ್ಣಯವನ್ನು ತಿಳಿದೇ ಅದನ್ನು ಒಪ್ಪಿದರು. ಸ್ಪೇನ್ ಪೊಲೀಸರು ಅದು ಬೇರೊಬ್ಬನದೆಂದು ಗುರುತಿಸಿದ ಮೇಲೆಯೇ ಆ ವಕೀಲರ ಬಿಡುಗಡೆಯಾದದ್ದು. ತಜ್ಞರ ನಿರ್ಣಯಗಳಲ್ಲಿನ ಪೂರ್ವಗ್ರಹವನ್ನು ಅಧ್ಯಯನ ಮಾಡುವ ಸಂಶೋಧಕ ಇಟಿಯಲ್ ಡ್ರೋರ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐವರು ಅನುಭವಿ ತಜ್ಞರಿಗೆ ಅವರೇ ಹಿಂದೆ ‘ಹೊಂದುತ್ತದೆ’ ಎಂದಿದ್ದ ಅಚ್ಚುಗಳನ್ನು ಮ್ಯಾಡ್ರಿಡ್ ಪ್ರಕರಣದ ತಪ್ಪು ಜೋಡಿಯೆಂದು ಹೇಳಿ ತೋರಿಸಿದಾಗ, ನಾಲ್ವರು ತಮ್ಮ ಹಿಂದಿನ ನಿರ್ಣಯಕ್ಕೆ ನಿಲ್ಲಲಿಲ್ಲ. ಅವರಾರೂ ಅಪ್ರಾಮಾಣಿಕರಲ್ಲ. ಮಸುಕಾದ ಗೆರೆಗಳಲ್ಲಿ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಕಾಣುತ್ತದೆ.

ಆದ್ದರಿಂದ ಸ್ಥಳದಲ್ಲಿ ಸಿಕ್ಕ ಅಚ್ಚಿನ ಲಕ್ಷಣಗಳನ್ನು ಮೊದಲು ಗುರುತಿಸಿ ಬರೆದಿಟ್ಟು, ಅದಾದ ಮೇಲೆಯೇ ಆರೋಪಿಯ ಅಚ್ಚನ್ನು ನೋಡಬೇಕು. ಎರಡನೆಯ ಪರೀಕ್ಷಕರಿಗೆ ಮೊದಲನೆಯವರ ತೀರ್ಮಾನ ತಿಳಿದಿರಬಾರದು. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆಯೇ ಎಂಬುದು ಇಬ್ಬರಿಗೂ ಬೇಡದ ವಿಷಯ. ಮರಣೋತ್ತರ ಪರೀಕ್ಷೆ ನಡೆಸುವ ವೈದ್ಯರಿಗೆ ಈ ನಿಯಮವನ್ನು ಹಾಗೆಯೇ ಅನ್ವಯಿಸಲಾಗದು: ಶವ ಸಿಕ್ಕ ಜಾಗದ ಉಷ್ಣತೆ, ಮೃತರು ಸೇವಿಸುತ್ತಿದ್ದ ಔಷಧಿಗಳು ತಿಳಿಯದೆ ಅವರು ಸಾವಿನ ಸಮಯವನ್ನಾಗಲಿ ಕಾರಣವನ್ನಾಗಲಿ ಅಂದಾಜಿಸಲಾರರು. ಯಾರಿಗೆ ಏನು, ಯಾವಾಗ ತಿಳಿಯಬೇಕೆಂದು ನಿರ್ಧರಿಸಲು, ಪರೀಕ್ಷೆ ಮಾಡದ ಒಬ್ಬ ಅಧಿಕಾರಿಯ ಬಳಿ ಕಡತವಿರುವುದು ಸರಿಯಾದ ವ್ಯವಸ್ಥೆ.