ಪದಚರ್ಚೆ: ‘ಅತಿಥಿ’ಯಲ್ಲಿ ಸದ್ದಿಲ್ಲ, ‘ಆತಿಥೇಯ’ದಲ್ಲಿ ಇದೆ – ಈ ಜೋಡಿಪದವನ್ನು ಬಿಡಬಹುದೇ?

ಎಲ್ಲರಿಗೂ ನಮಸ್ಕಾರ.

ನನ್ನ ಗೆಳೆಯರೊಬ್ಬರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವರು ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ತೆರೆಯೋದುಗ (ತೆರೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್) ತಂತ್ರಾಂಶದ ನೆರವಿನಿಂದ ಕೆಲಸ ಮಾಡುತ್ತಾರೆ. ಅದರ ಜೊತೆಗೇ ಬರುವ, ಬರಹವನ್ನು ಮಾತಾಗಿಸುವ ಈಸ್ಪೀಕ್ ಎನ್‌ಜಿ ಕನ್ನಡವನ್ನೂ ಓದಿ ಹೇಳುತ್ತದೆ. ಲಿನಕ್ಸನ್ನೂ ಕಲಿಯಬೇಕೆಂಬ ಆಸೆಯಿಂದ ಅವರು ಅದೇ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿಸಿ (ಒಂದು ಗಣಕದೊಳಗೇ ಇನ್ನೊಂದು ಗಣಕವನ್ನು ನಡೆಸುವ ತಂತ್ರಾಂಶವದು), ಪರಿಚಯದವರು ಕೊಟ್ಟ ಉಬುಂಟು ಎಂಬ ಲಿನಕ್ಸಿನ ಸಿದ್ಧ ಪ್ರತಿಯೊಂದನ್ನು ಅದರೊಳಗೆ ತೆರೆದರು. ಉಬುಂಟು ಏನೋ ಎದ್ದಿತು, ಆದರೆ ಅಲ್ಲಿನ ತೆರೆಯೋದುಗವಾದ ಓರ್ಕಾ ತುಟಿ ಬಿಚ್ಚಲಿಲ್ಲ. ನಮಗೆ ಸದ್ದು ಹೋದರೆ ಹಾಡು ಕೇಳಿಸದಷ್ಟೇ. ಅವರಿಗೆ ಇಡೀ ತೆರೆಯೇ ಆರಿಹೋದಂತೆ.

ನಾನು ಬೇರೆ ಊರಿನಲ್ಲಿರುವುದರಿಂದ ಎರಡು ಪುಟದ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆದು ಕಳುಹಿಸಿದೆ. ಅದರ ಮೊದಲ ವಾಕ್ಯ ಹೀಗಿತ್ತು: “ಅತಿಥಿ ಕಾರ್ಯಾಚರಣ ವ್ಯವಸ್ಥೆಯಲ್ಲಿ ಧ್ವನಿ ಇಲ್ಲದಿದ್ದರೆ ಮೊದಲು ಆತಿಥೇಯ ವ್ಯವಸ್ಥೆಯ ಧ್ವನಿಯನ್ನು ಪರೀಕ್ಷಿಸಿ, ಬಳಿಕ ಅತಿಥಿಯಲ್ಲಿ ಮೂಕಗೊಂಡಿರುವ ವಾಹಿನಿಗಳನ್ನು ತೆರೆಯಿರಿ.”

ಇಲ್ಲಿ ‘ಅತಿಥಿ’ ಎಂದರೆ ಒಳಗೆ ತೆರೆದ ಉಬುಂಟು (ಇಂಗ್ಲಿಷಿನ ಗೆಸ್ಟ್), ‘ಆತಿಥೇಯ’ ಎಂದರೆ ಅದನ್ನು ಒಳಗಿಟ್ಟುಕೊಂಡ ವಿಂಡೋಸ್ (ಹೋಸ್ಟ್). ಬರೆದಾಗ ಇದು ನನಗೆ ಅಚ್ಚುಕಟ್ಟಾಗಿಯೇ ಕಂಡಿತ್ತು. ತೆರೆಯೋದುಗವನ್ನು ನಿತ್ಯ ಬಳಸುವವರು ಅದನ್ನು ನಾವು ಮಾತಾಡುವುದಕ್ಕಿಂತ ಬಹಳ ಹೆಚ್ಚಿನ ವೇಗದಲ್ಲಿ ಕೇಳುತ್ತಾರೆ ಎಂಬುದು ಮಾತ್ರ ಮರೆತಿತ್ತು. ಆ ವೇಗದಲ್ಲಿ ‘ಅತಿಥಿ’ಯ ಅಕಾರವೂ ‘ಆತಿಥೇಯ’ದ ಆಕಾರವೂ ಒಂದರ ಮೇಲೊಂದು ಬಿದ್ದುಹೋದವು. ಪಕ್ಕದಲ್ಲಿ ಕುಳಿತು ಮೌಸ್ ಹಿಡಿದಿದ್ದ ಅವರ ತಮ್ಮ, ಕಣ್ಣಾರೆ ಓದಿದ ಮೇಲೂ, “ಅಣ್ಣಾ, ಎರಡೂ ಒಂದೇ ಅಲ್ವಾ, ಒಂದು ಕಡೆ ಟೈಪ್ ಮಾಡೋವಾಗ ತಪ್ಪಿರಬೇಕು” ಎಂದನಂತೆ. ಅಣ್ಣತಮ್ಮಂದಿರು ಮುಕ್ಕಾಲು ಗಂಟೆ ವಿಂಡೋಸಿನ ಸ್ಪೀಕರ್ ಸೆಟ್ಟಿಂಗನ್ನೇ ತಿರುವಿಹಾಕಿದರು. ಎನ್‌ವಿಡಿಎ ಅಲ್ಲಿ ನಿರರ್ಗಳವಾಗಿ ಮಾತಾಡುತ್ತಿತ್ತು ಎಂಬುದೇ ಆ ಕಡೆ ಏನೂ ಕೆಟ್ಟಿಲ್ಲ ಎನ್ನುವುದಕ್ಕೆ ಸಾಕ್ಷಿಯಾಗಿತ್ತು. ನನ್ನ ಪದಗಳು ಸ್ಪಷ್ಟವಾಗಿದ್ದಿದ್ದರೆ ಗೆಳೆಯರಿಗೆ ಅದು ಒಡನೆಯೇ ಹೊಳೆಯುತ್ತಿತ್ತು. ಆದ್ದರಿಂದ ಈ ವಾಕ್ಯದ ಪದಗಳನ್ನು ಒಂದೊಂದಾಗಿ ತಮ್ಮೆಲ್ಲರ ಮುಂದಿಡುತ್ತಿದ್ದೇನೆ. ಪದ ಶುದ್ಧವಾಗಿದೆಯೇ ಎಂಬುದಕ್ಕಿಂತ, ತೊಂದರೆ ಎಲ್ಲಿದೆ ಎಂಬುದನ್ನು ಅದು ಓದುಗನಿಗೆ ತೋರಿಸುತ್ತದೆಯೇ ಎಂಬುದೇ ನನ್ನ ಪ್ರಶ್ನೆ.

‘ಆತಿಥೇಯ’ ಎಂಬುದು ‘ಅತಿಥಿ’ಯ ಮೇಲೆ ತದ್ಧಿತ ಪ್ರತ್ಯಯ ಸೇರಿ ಆದ ಪದ, ಅತಿಥಿಯ ವಿಷಯದಲ್ಲಿ ಒಳ್ಳೆಯವನು ಎಂದು ಅರ್ಥ. ಪ್ರತ್ಯಯದ ಕಾರಣದಿಂದ ಮೊದಲ ಅಕ್ಷರ ವೃದ್ಧಿಯಾಗಿ ‘ಆ’ ಆಗಬೇಕು. ಆದರೆ ‘ಅತಿಥೇಯ’ ಎಂಬ ತಪ್ಪು ರೂಪ ಎಷ್ಟು ಹಬ್ಬಿದೆಯೆಂದರೆ, ಕ್ರೀಡಾಪುಟಗಳಲ್ಲಿ ಆತಿಥೇಯ ತಂಡವೂ ಅತಿಥೇಯ ತಂಡವೂ ಅಕ್ಕಪಕ್ಕದಲ್ಲೇ ಆಡುತ್ತಿರುತ್ತವೆ. ಕ್ರಿಕೆಟ್ ವರದಿಯಲ್ಲಿ ಇದರಿಂದ ನಷ್ಟವಿಲ್ಲ, ಯಾವ ತಂಡ ಯಾವ ಊರಿನದೆಂದು ಎಲ್ಲರಿಗೂ ಗೊತ್ತು. ಕೈಪಿಡಿಯಲ್ಲಿ ಹಾಗಲ್ಲ, ಒಂದು ದೀರ್ಘ ಜಾರಿದರೆ ಓದುಗ ಬೇರೆಯೇ ಯಂತ್ರದ ಗುಂಡಿ ಒತ್ತುತ್ತಾನೆ. ಇಂಗ್ಲಿಷಿನ ಪದಗಳನ್ನೇ ಇಟ್ಟುಕೊಳ್ಳೋಣವೆಂದರೆ ‘ಗೆಸ್ಟ್’ ಮತ್ತು ‘ಹೋಸ್ಟ್’ ಎರಡೂ ‘ಸ್ಟ್’ ಎಂದೇ ಮುಗಿಯುತ್ತವೆ. ಇದು ಆಕಸ್ಮಿಕವೂ ಅಲ್ಲ. ಹೋಸ್ಟ್ ಲ್ಯಾಟಿನ್ ದಾರಿಯಿಂದ ಬಂದದ್ದು, ಗೆಸ್ಟ್ ಜರ್ಮಾನಿಕ್ ದಾರಿಯಿಂದ ಬಂದದ್ದು, ಆದರೆ ಭಾಷಾವಿಜ್ಞಾನಿಗಳು ಎರಡನ್ನೂ ಒಂದೇ ಇಂಡೋ-ಯುರೋಪಿಯನ್ ಮೂಲಕ್ಕೆ ಒಯ್ಯುತ್ತಾರೆ. ಬಂದವನನ್ನೂ ಬರಮಾಡಿಕೊಂಡವನನ್ನೂ ಒಂದೇ ಬೀಜದಿಂದ ಹುಟ್ಟಿಸುವ ಗೀಳು ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ರೂಪದ ಮಾತು ಹಾಗಿರಲಿ, ಅರ್ಥವಾದರೂ ಹೊಂದುತ್ತದೆಯೇ? ಅತಿಥಿ ಬರುತ್ತಾನೆ, ಉಣ್ಣುತ್ತಾನೆ, ಹೋಗುತ್ತಾನೆ. ವರ್ಚುವಲ್‌ಬಾಕ್ಸಿನೊಳಗಿನ ಉಬುಂಟು ವರ್ಷಗಟ್ಟಲೆ ಅಲ್ಲೇ ಇರುತ್ತದೆ. (ವರ್ಷಗಟ್ಟಲೆ ದುಡಿದರೂ ಅತಿಥಿಯಾಗಿಯೇ ಉಳಿಯಬಹುದು ಎಂಬುದಕ್ಕೆ ನಮ್ಮ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಿದ್ದಾರೆ, ಒಪ್ಪಿದೆ.) ಇನ್ನೂ ದೊಡ್ಡ ವ್ಯತ್ಯಾಸವೆಂದರೆ, ತಾನು ಬೇರೆಯವರ ಮನೆಯಲ್ಲಿದ್ದೇನೆ ಎಂಬುದು ಅತಿಥಿಗೆ ಗೊತ್ತಿರುತ್ತದೆ, ಒಳಗಿನ ಉಬುಂಟು ತನಗೆ ತೋರಿಸಿದ ಸೌಂಡ್ ಕಾರ್ಡನ್ನು ನಿಜವಾದದ್ದೆಂದೇ ನಂಬಿ ಅದರೊಡನೆ ವ್ಯವಹರಿಸುತ್ತದೆ. ವರ್ಚುವಲ್‌ಬಾಕ್ಸ್ ಹಾಗೆ ಮೂರು ವೇಷಗಳನ್ನು ಕಟ್ಟಬಲ್ಲದು: ಸೌಂಡ್‌ಬ್ಲಾಸ್ಟರ್ 16, ಎಸಿ97, ಇಂಟೆಲ್ ಎಚ್‌ಡಿ ಆಡಿಯೋ. ಇವುಗಳಲ್ಲಿ ಎಸಿ97 ಹೆಸರೇ ಹೇಳುವಂತೆ 1997ರದು, ಎಚ್‌ಡಿ ಆಡಿಯೋ 2004ರದು. ಹೊಸ ವಿಂಡೋಸ್ ಆವೃತ್ತಿಗಳಲ್ಲಿ ಎಸಿ97ಕ್ಕೆ ಬೇಕಾದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇರುವುದಿಲ್ಲವಾದ್ದರಿಂದ, ಒಳಗೆ ವಿಂಡೋಸ್ ಹಾಕಿಕೊಂಡವರು ಸದ್ದಿಲ್ಲವೆಂದು ದೂರಿದಾಗ ಒಳಗಿನ ಯಂತ್ರವನ್ನು ಪೂರ್ತಿ ಮುಚ್ಚಿ, ಆಡಿಯೋ ಕಂಟ್ರೋಲರನ್ನು ಎಚ್‌ಡಿ ಆಡಿಯೋಗೆ ಬದಲಿಸಿದರೆ ಸಾಮಾನ್ಯವಾಗಿ ಗುಣ ಕಾಣುತ್ತದೆ. ಮನೆಯವರು ಕೊಟ್ಟ ಹಳೆಯ ಸೀಮೆಎಣ್ಣೆ ಸ್ಟವ್ವನ್ನು ಹಚ್ಚಲು ಬಾರದ ಹೊಸ ಬಾಡಿಗೆದಾರನ ಪಾಡು ಇದು, ಅತಿಥಿಯ ಪಾಡಲ್ಲ. ಈ ಕಾರಣದಿಂದ ಹಳೆ ಮೈಸೂರಿನ ಕಡೆಯ ‘ಒಕ್ಕಲು’ ಎಂಬ ಪದವನ್ನು ಸ್ವಲ್ಪ ದಿನ ಬಳಸಿ ನೋಡಿದೆ. ಒಕ್ಕಲು ಇರುವುದು ಎಂದರೆ ಮನೆಯ ಒಂದು ಭಾಗದಲ್ಲಿ ತನ್ನದೇ ಒಲೆ ಹೂಡಿಕೊಂಡು ಇರುವುದು. ಅರ್ಥ ಚೆನ್ನಾಗಿ ಕೂಡುತ್ತದೆ. ಆದರೆ ಚತುರ್ಥಿ ವಿಭಕ್ತಿಯಲ್ಲಿ ‘ಒಕ್ಕಲಿಗೆ ಸೌಂಡ್ ಕಾರ್ಡ್ ಸಿಗುತ್ತಿಲ್ಲ’ ಎಂದು ಬರೆದ ಕೂಡಲೇ ಬೇರೊಂದು ಪದದ ನೆರಳು ಬಿದ್ದು, ನಾನೇ ನಕ್ಕು ಅದನ್ನು ಅಳಿಸಿಹಾಕಿದೆ. ಧಾರವಾಡದ ಕಡೆಯವರೊಬ್ಬರು ‘ಬೀಗರು’ ಎನ್ನಿ ಎಂದರು. ಬೀಗರಿಗೆ ಸದ್ದಿಲ್ಲವೆಂದರೆ ಯಾರೂ ನಂಬಲಾರರು.

ಈಗ ನಾನು ನಿಂತಿರುವುದು ‘ಒಳಗಿನ ವ್ಯವಸ್ಥೆ’, ‘ಹೊರಗಿನ ವ್ಯವಸ್ಥೆ’ ಎಂಬ ಜೋಡಿಯ ಬಳಿ. ಇವು ಕಿವಿಗೆ ಬೇರೆಬೇರೆಯಾಗಿಯೇ ಕೇಳಿಸುತ್ತವೆ, ಎಷ್ಟೇ ವೇಗವಾಗಿ ಓದಿಸಿದರೂ ‘ಒಳ’ ಮತ್ತು ‘ಹೊರ’ ಬೆರೆಯುವುದಿಲ್ಲ, ಯಾವ ಕಿಟಕಿಯಲ್ಲಿ ಕೈಯಿಡಬೇಕು ಎಂಬುದೂ ಅಲ್ಲೇ ತಿಳಿಯುತ್ತದೆ. ಚುಟುಕಾಗಿರಲೆಂದು ‘ಒಳಗಣಕ’, ‘ಹೊರಗಣಕ’ ಎಂದೂ ಮಾಡಿ ನೋಡಿದೆ; ಆದರೆ ಹಳಗನ್ನಡ ಓದಿದ ಕಣ್ಣಿಗೆ ‘ಒಳಗಣ’ ಎಂಬುದೇ ಒಂದು ಪದವಾಗಿ ಮೊದಲು ಕಾಣುವುದರಿಂದ, ಕೊನೆಯ ‘ಕ’ ಅನಾಥವಾಗಿ ನಿಲ್ಲುತ್ತದೆ. ಈ ಜೋಡಿಗೆ ಎರಡು ಆಕ್ಷೇಪಗಳು ನನಗೇ ತೋರಿವೆ. ಮೊದಲನೆಯದು, ‘ಹೊರಗಿನ ಧ್ವನಿ’ ಎಂದರೆ ಹೊರಗೆ ತಂತಿಯಲ್ಲಿ ಜೋಡಿಸಿದ ಸ್ಪೀಕರ್ ಎಂದು ತಿಳಿಯಬಹುದು. ಎರಡನೆಯದು, ಒಳಗಿನ ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಹೂಡುವವರೂ ಇದ್ದಾರೆ. ಆಗ ನಡುವಿನದು ಒಳಗಿನದೂ ಹೌದು, ಹೊರಗಿನದೂ ಹೌದು. ಎರಡನೆಯ ಆಕ್ಷೇಪ ‘ಅತಿಥಿ-ಆತಿಥೇಯ’ಕ್ಕೂ ಅಷ್ಟೇ ತಗಲುತ್ತದೆಯಾದ್ದರಿಂದ ಅದನ್ನು ನಾನು ಹೆಚ್ಚು ಲೆಕ್ಕಕ್ಕೆ ಹಿಡಿದಿಲ್ಲ.

‘ವರ್ಚುವಲ್’ ಪದದ ಬಗ್ಗೆ ಒಂದೇ ಮಾತು. ಅದನ್ನು ‘ವಾಸ್ತವಿಕ ಯಂತ್ರ’ ಎಂದು ಅನುವಾದಿಸಿದ್ದನ್ನು ಕಂಡಿದ್ದೇನೆ. ಅದು ಅರ್ಥವನ್ನು ತಲೆಕೆಳಗು ಮಾಡುತ್ತದೆ. ಶಾಲೆಯ ಭೌತಶಾಸ್ತ್ರದಲ್ಲಿ ಕನ್ನಡಿಯ ಹಿಂದೆ ಕಾಣುವುದನ್ನು ‘ಮಿಥ್ಯಾ ಪ್ರತಿಬಿಂಬ’ ಎಂದು ನಾವೆಲ್ಲ ಕಲಿತಿರುವುದರಿಂದ ‘ಮಿಥ್ಯಾಯಂತ್ರ’ ಎನ್ನಬಹುದು. 1974ರಲ್ಲಿ ಗಣಕವಿಜ್ಞಾನಿಗಳಾದ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಕೊಟ್ಟ ವ್ಯಾಖ್ಯೆ ಇದನ್ನು ನಿಜಯಂತ್ರದ ಪ್ರತ್ಯೇಕವಾದ, ದಕ್ಷವಾದ ಪ್ರತಿರೂಪ ಎನ್ನುತ್ತದೆ. ಅದನ್ನು ಹಿಡಿದರೆ ‘ಪ್ರತಿರೂಪ ಯಂತ್ರ’ವೂ ಆದೀತು. ಕೈಪಿಡಿಯಲ್ಲಿ ‘ವರ್ಚುವಲ್’ ಎಂದೇ ಬಿಟ್ಟಿದ್ದೇನೆ, ತೆರೆಯ ಮೇಲೆ ಇರುವುದು ಅದೇ.

ಇನ್ನು ಸದ್ದಿನ ಮಾತು. ‘ಶಬ್ದ’, ‘ಧ್ವನಿ’, ‘ಸದ್ದು’, ‘ಸಪ್ಪಳ’ ಇವುಗಳಲ್ಲಿ ಯಾವುದು ಎಂಬ ಚರ್ಚೆಗಿಂತ, ಜೊತೆಗೆ ಬರುವ ಕ್ರಿಯಾಪದ ನನಗೆ ಹೆಚ್ಚು ಮುಖ್ಯವೆನಿಸಿತು. ಸಾಮಾನ್ಯವಾಗಿ ನಾವು ‘ಸೌಂಡ್ ಬರ್ತಿಲ್ಲ’ ಎಂದು ಎಲ್ಲಕ್ಕೂ ಒಂದೇ ಮಾತನ್ನು ಹೇಳಿಬಿಡುತ್ತೇವೆ. ಆದರೆ ಕನ್ನಡದಲ್ಲಿ ಸದ್ದು ‘ಹೊರಡುತ್ತದೆ’, ‘ಬರುತ್ತದೆ’, ‘ಕೇಳಿಸುತ್ತದೆ’. ಈ ಮೂರೂ ಬೇರೆ ಬೇರೆ ತಾಣಗಳ ಮಾತು. ಒಳಗಿನ ವ್ಯವಸ್ಥೆಗೆ ಕಾರ್ಡೇ ಕಾಣದಿದ್ದರೆ ಸದ್ದು ಹೊರಡುತ್ತಿಲ್ಲ. ಕಾರ್ಡ್ ಇದ್ದು, ವರ್ಚುವಲ್‌ಬಾಕ್ಸಿನ ಸೆಟ್ಟಿಂಗಿನಲ್ಲಿ ಹೊರಗಿನ ವ್ಯವಸ್ಥೆಯ ಡ್ರೈವರ್ ‘ನಲ್’ (ಯಾವುದೂ ಇಲ್ಲ) ಎಂದಿದ್ದರೆ ಸದ್ದು ಹೊರಟಿದೆ, ಆದರೆ ನಡುವೆ ಚೆಲ್ಲಿಹೋಗುತ್ತಿದೆ, ಆದ್ದರಿಂದ ಹೊರಕ್ಕೆ ಬರುತ್ತಿಲ್ಲ. ವಿಂಡೋಸಿನ ಸದ್ದನ್ನೇ ತಗ್ಗಿಸಿದ್ದರೆ ಬಂದಿದೆ, ಕೇಳಿಸುತ್ತಿಲ್ಲ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ, ನಾಭಿಯ ಮೂಲದಿಂದ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆಂದೂ ಅದರ ಕಾರ್ಯವೇ ಶಬ್ದವೆಂದೂ ಹೇಳುವಾಗ, ಹುಟ್ಟಿದ್ದನ್ನೂ ಕೇಳಿಸಿದ್ದನ್ನೂ ಬೇರೆ ಮಾಡಿಯೇ ನೋಡಿದ್ದಾನೆ. ನಮ್ಮ ಕೈಪಿಡಿಗಳು ಅಷ್ಟಾದರೂ ಎಚ್ಚರ ವಹಿಸಬಾರದೇ? ನಾಮಪದಕ್ಕೆ ನಾನು ‘ಸದ್ದು’ ಎಂಬುದನ್ನೇ ಆರಿಸಿಕೊಂಡಿದ್ದೇನೆ. ‘ಶಬ್ದ’ಕ್ಕೆ ಪದ ಎಂಬ ಅರ್ಥವೂ ಇರುವುದರಿಂದ, ಓದಿ ಹೇಳುವ ತಂತ್ರಾಂಶದ ಸಂದರ್ಭದಲ್ಲಿ ‘ಶಬ್ದ ತಪ್ಪಿಹೋಗಿದೆ’ ಎಂದರೆ ಒಂದು ಪದ ಬಿಟ್ಟುಹೋಗಿದೆ ಎಂದು ತಿಳಿಯುವ ಅಪಾಯವಿದೆ.

ಗೆಳೆಯರ ಯಂತ್ರದಲ್ಲಿ ನಿಜವಾಗಿ ಆಗಿದ್ದುದು ಹೊರಡದಿರುವ ತೊಂದರೆಯೇ. ಉಬುಂಟುವಿನ ಸೌಂಡ್ ಸೆಟ್ಟಿಂಗಿನಲ್ಲಿ ‘ಡಮ್ಮಿ ಔಟ್‌ಪುಟ್’ ಎಂದು ತೋರಿಸುತ್ತಿತ್ತು. ಕಾರ್ಡ್ ಒಂದೂ ಸಿಗದಿದ್ದಾಗ ವ್ಯವಸ್ಥೆ ತನ್ನ ಮರ್ಯಾದೆಗೆಂದು ನಿಲ್ಲಿಸಿಕೊಳ್ಳುವ ಗೊಂಬೆ ಅದು. ಇದಕ್ಕೆ ‘ನಕಲಿ’ ಎನ್ನುವುದು ಸರಿಯಲ್ಲ, ನಕಲಿಗೆ ಮೋಸದ ವಾಸನೆಯಿದೆ. ಹೊಲದ ‘ಬೆದರುಬೊಂಬೆ’ ಚಿತ್ರವತ್ತಾಗಿದೆ, ಆದರೆ ಇಲ್ಲಿ ಯಾರೂ ಬೆದರುವುದಿಲ್ಲ. ‘ಹೆಸರಿಗಷ್ಟೇ ಇರುವ ಔಟ್‌ಪುಟ್’ ಎಂದು ಬಿಡಿಸಿ ಬರೆದಿದ್ದೇನೆ. ಕಾರಣ ಏನೆಂದರೆ, ಆ ಸಿದ್ಧ ಪ್ರತಿಯಲ್ಲಿ ಇದ್ದದ್ದು ಸರ್ವರ್‌ಗಳಿಗೆಂದು ಹಗುರ ಮಾಡಿದ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು. ಅದರಲ್ಲಿ ಸೌಂಡ್ ಕಾರ್ಡನ್ನು ನಡೆಸುವ ಮಾಡ್ಯೂಲುಗಳೇ (ಡ್ರೈವರ್ ಭಾಗಗಳೇ) ಇರುವುದಿಲ್ಲ, ಅವು ‘ಲಿನಕ್ಸ್ ಮಾಡ್ಯೂಲ್ಸ್ ಎಕ್ಸ್‌ಟ್ರಾ’ ಎಂಬ ಬೇರೆ ಪೊಟ್ಟಣದಲ್ಲಿರುತ್ತವೆ. ಬಳಕೆಯಲ್ಲಿರುವ ಕರ್ನೆಲ್‌ನ ಆವೃತ್ತಿಗೇ ಹೊಂದುವ ಆ ಪೊಟ್ಟಣವನ್ನು ಹಾಕಿಸಿ, ಯಂತ್ರವನ್ನು ಮರಳಿ ಶುರುಮಾಡಿಸಿದ ಮೇಲೆ ಕಾರ್ಡಿನ ಹೆಸರು ಕಾಣಿಸಿತು.

ಈ ಹಂತದಲ್ಲಿ ಬರೆದಿದ್ದ ‘ಚಾಲಕವನ್ನು ಹಾಕಲು ನಿರ್ವಾಹಕರ ಅನುಮತಿ ಬೇಕು’ ಎಂಬ ವಾಕ್ಯ ಓದಿದವರಿಗೆಲ್ಲ ಸಾರಿಗೆ ಬಸ್ಸೇ ನೆನಪಾಯಿತು. ಚಾಲಕ, ನಿರ್ವಾಹಕ ಎರಡೂ ಬಸ್ಸಿನ ಬಾಗಿಲ ಬಳಿ ಬರೆದಿರುವ ಪದಗಳು. ಅವನ್ನು ಅವರಿಗೇ ಬಿಟ್ಟು ‘ಡ್ರೈವರ್’, ‘ಅಡ್ಮಿನ್’ ಎಂದು ತಿದ್ದಿದೆ. ಹಾಗೆಯೇ ‘ವಾಹಿನಿ’ ಎಂದರೆ ಸುದ್ದಿವಾಹಿನಿ ಎಂದಾಗುವುದರಿಂದ ಅದನ್ನೂ ಕೈಬಿಟ್ಟೆ.

ಕಾರ್ಡ್ ಸಿಕ್ಕಿದ ಮೇಲೂ ಓರ್ಕಾ ಮಾತಾಡಲಿಲ್ಲ. ಲಿನಕ್ಸಿನಲ್ಲಿ ಸದ್ದನ್ನು ನೋಡಿಕೊಳ್ಳುವ ಆಲ್ಸಾ ವ್ಯವಸ್ಥೆಯಲ್ಲಿ ಸದ್ದಿನ ದಾರಿಗಳು ಮೊದಲಿಗೆ ಮುಚ್ಚಿಕೊಂಡೇ ಇರುವುದುಂಟು. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ಕಾರ್ಡನ್ನು ಆರಿಸಿದಾಗ ‘ಮಾಸ್ಟರ್’ ಎಂಬ ಕಂಬದ ಬುಡದಲ್ಲಿ ಎರಡು ‘ಎಂ’ ಅಕ್ಷರಗಳಿದ್ದವು (ಮ್ಯೂಟ್ ಆಗಿದೆ ಎಂದರ್ಥ). ಕೀಲಿಮಣೆಯ ಎಂ ಒತ್ತಿದಾಗ ಅವು ಎರಡು ಸೊನ್ನೆಗಳಾದವು, ಬಾಣದ ಕೀಲಿಯಿಂದ ಕಂಬವನ್ನು ಏರಿಸಿದಾಗ ಓರ್ಕಾ ಅರ್ಧ ವಾಕ್ಯದಿಂದ ಮಾತು ಶುರುಮಾಡಿತು. ತಮ್ಮನಿಗೆ ಎರಡು ಸೊನ್ನೆ ಕಂಡು ಸದ್ದು ಇನ್ನೂ ಸೊನ್ನೆಯಾಯಿತೇನೋ ಎಂಬ ಗಾಬರಿಯಾಗಿತ್ತಂತೆ. ಇಲ್ಲಿ ಸೊನ್ನೆ ಎಂದರೆ ತೆರೆದಿದೆ ಎಂದರ್ಥ.

‘ಮೂಕಗೊಳಿಸು’ ಎಂದು ಬರೆದದ್ದಕ್ಕೆ ಗೆಳೆಯರು ನನ್ನನ್ನು ಮೆತ್ತಗೆ ತಿದ್ದಿದರು. “ನನ್ನ ಜೊತೆ ಓದಿದವರಲ್ಲಿ ಮಾತು ಬಾರದವರಿದ್ದರು; ಗುಂಡಿ ಒತ್ತಿದರೆ ಅವರು ಮಾತಾಡುವುದಿಲ್ಲ” ಎಂದರು. ಅಂದಿನಿಂದ ಆ ಪದ ನನ್ನ ಕೈಗೆ ಬರುವುದಿಲ್ಲ. 2020ರ ಆನ್‌ಲೈನ್ ಪಾಠಗಳ ಬಳಿಕ ‘ಮ್ಯೂಟ್’ ಮನೆಮನೆಯ ಮಾತಾಗಿರುವುದರಿಂದ ಅದನ್ನು ಬಳಸಲು ಅಡ್ಡಿಯಿಲ್ಲ. ಆದರೂ ನೆಗಡಿಯಾದಾಗ ನಾವು ‘ಗಂಟಲು ಕಟ್ಟಿದೆ’ ಎನ್ನುತ್ತೇವಲ್ಲ, ಅದು ಈ ಸ್ಥಿತಿಗೆ ಎಷ್ಟು ಸರಿಯಾಗಿ ಹೊಂದುತ್ತದೆ ಎಂದು ನನಗೆ ಮತ್ತೆ ಮತ್ತೆ ಅನ್ನಿಸಿದೆ. ದನಿ ಇದೆ, ದಾರಿ ಕಟ್ಟಿದೆ, ಬಿಡಿಸಿದರೆ ಬರುತ್ತದೆ. ‘ದನಿ ಕಟ್ಟು’, ‘ದನಿ ಬಿಡಿಸು’ ಎಂಬ ಜೋಡಿ ಮ್ಯೂಟ್ ಮತ್ತು ಅನ್‌ಮ್ಯೂಟ್‌ಗೆ ಒಗ್ಗೀತೇ?

ತಿದ್ದಿದ ವಾಕ್ಯ ಈಗ ಹೀಗಿದೆ: “ಒಳಗಿನ ವ್ಯವಸ್ಥೆಯಿಂದ ಸದ್ದು ಹೊರಡದಿದ್ದರೆ, ಹೊರಗಿನ ವ್ಯವಸ್ಥೆಯಲ್ಲಿ ಸದ್ದು ಕೇಳಿಸುತ್ತಿದೆಯೇ ಎಂದು ಮೊದಲು ನೋಡಿ, ಕೇಳಿಸುತ್ತಿದ್ದರೆ ಅಲ್ಲಿ ಏನನ್ನೂ ಮುಟ್ಟದೆ, ಒಳಗಿನದರಲ್ಲಿ ಕಾರ್ಡ್ ಸಿಕ್ಕಿದೆಯೇ, ಸಿಕ್ಕಿದ್ದರೆ ಮ್ಯೂಟ್ ಆಗಿದೆಯೇ ಎಂಬುದನ್ನು ಪರೀಕ್ಷಿಸಿ.”

ಇದರಲ್ಲಿ ‘ಹೊರಡದಿದ್ದರೆ’ ಎಂಬುದು ಮೈಸೂರು ಸೀಮೆಯ ಕಿವಿಗೆ ಸಹಜ. ಧಾರವಾಡ, ಕಲಬುರಗಿ, ಮಂಗಳೂರು ಕಡೆಗಳಲ್ಲಿ ಸದ್ದು ‘ಹೊರಡುತ್ತದೆ’ ಎನ್ನುತ್ತಾರೆಯೇ, ಅಥವಾ ಸದ್ದು ‘ಆಗುತ್ತದೆ’, ‘ಏಳುತ್ತದೆ’ ಎಂಬಂಥ ಬೇರೆ ಕ್ರಿಯಾಪದವಿದೆಯೇ? ಬಲ್ಲವರು ತಮ್ಮ ಊರಿನ ಒಂದೊಂದು ಪೂರ್ತಿ ವಾಕ್ಯವನ್ನೇ ಬರೆದು ತಿಳಿಸಿದರೆ, ಮುಂದಿನ ಕರಡನ್ನು ಗೆಳೆಯರಿಗೆ ಕಳುಹಿಸುವ ಮೊದಲು ತಿದ್ದಿಕೊಳ್ಳುತ್ತೇನೆ.