‘ಮಾನಿಟರ್’, ‘ಅಬ್ಸರ್ವ್’, ‘ವಾಚ್’: ಯಾವುದನ್ನು ಎಲ್ಲಿ ಬಳಸಬೇಕು?

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ):
ವಾರ್ಡಿನ ದಾಖಲೆಗಳನ್ನು ನಾವು ಇಂಗ್ಲಿಷಿನಲ್ಲೇ ಬರೆಯಬೇಕು. ‘ಮಾನಿಟರ್’ ಎಂಬ ಕ್ರಿಯಾಪದ ಪುಟಪುಟದಲ್ಲೂ ಬರುತ್ತದೆ. ಒಂದೇ ಪದ ಮರುಕಳಿಸದಿರಲೆಂದು ಅದರ ಬದಲು ‘ಅಬ್ಸರ್ವ್’, ‘ವಾಚ್’, ‘ಸೂಪರ್‌ವೈಸ್’ ಎಂದು ಬರೆಯಬಹುದೇ? ನಿಘಂಟಿನಲ್ಲಿ ಇವೆಲ್ಲ ಸಮಾನಾರ್ಥಕಗಳಾಗಿಯೇ ಕಾಣುತ್ತವೆ. ‘ಮಾನಿಟರ್ ಆನ್ ದಿ ಪೇಷೆಂಟ್’ ಎಂಬ ಪ್ರಯೋಗ ಸರಿಯೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ (ನಿವೃತ್ತ ಇಂಗ್ಲಿಷ್ ಅಧ್ಯಾಪಕ):
ಮೊದಲು ಸುಲಭದ್ದನ್ನು ಹೇಳಿಬಿಡುತ್ತೇನೆ. ‘ಆನ್’ ಬೇಡ, ‘ಮಾನಿಟರ್ ದಿ ಪೇಷೆಂಟ್’ ಎಂದರೆ ಸಾಕು. ‘ಕೀಪ್ ಆ್ಯನ್ ಐ ಆನ್’ ಎಂಬ ನುಡಿಗಟ್ಟಿನ ‘ಆನ್’ ಇಲ್ಲಿಗೂ ನುಸುಳುತ್ತದೆ.

ಇನ್ನು ಅರ್ಥದ ವಿಚಾರ. ಲ್ಯಾಟಿನ್ನಿನಲ್ಲಿ ‘ಮೊನೇರೆ’ ಎಂದರೆ ಎಚ್ಚರಿಸು ಎಂದರ್ಥ. ‘ಮಾನಿಟರ್’ ಹುಟ್ಟಿದ್ದು ಅಲ್ಲಿಂದ. 1862ರಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಜಾನ್ ಎರಿಕ್ಸನ್ ತಾನು ರೂಪಿಸಿದ ಕಬ್ಬಿಣದ ಕವಚದ ಯುದ್ಧನೌಕೆಗೆ ಈ ಹೆಸರನ್ನು ಸೂಚಿಸಿದ್ದು, ಅದು ದಕ್ಷಿಣದ ಬಂಡಾಯದ ಮುಖಂಡರಿಗೆ ಎಚ್ಚರಿಕೆಯಾಗಲಿ ಎಂದೇ. ತರಗತಿಯ ಮಾನಿಟರ್ ನಮಗೆಲ್ಲ ಗೊತ್ತು. (18ನೇ ಶತಮಾನದ ಕೊನೆಯಲ್ಲಿ ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ನಡೆಸಿದ, ಮಕ್ಕಳೇ ಮಕ್ಕಳಿಗೆ ಪಾಠ ಹೇಳುವ ಪ್ರಯೋಗವೂ ಮುಂದೆ ಇಂಗ್ಲೆಂಡಿನಲ್ಲಿ ‘ಮಾನಿಟೋರಿಯಲ್’ ಪದ್ಧತಿಯೆಂದು ಹೆಸರಾಯಿತು.) ಕ್ರಿಯಾಪದವಾಗಿ ಅದು ಇಂದಿನ ಅರ್ಥದಲ್ಲಿ ವ್ಯಾಪಕ ಬಳಕೆಗೆ ಬಂದದ್ದು ಬಹಳ ತಡವಾಗಿ, 20ನೇ ಶತಮಾನದಲ್ಲಿ. ಆದರೂ ಎಚ್ಚರಿಕೆಯ ಛಾಯೆ ಅದರಲ್ಲಿ ಉಳಿದಿದೆ: ಒಂದು ಅಳತೆಯನ್ನು ಮುಂದಿಟ್ಟುಕೊಂಡು ಮತ್ತೆ ಮತ್ತೆ ನೋಡುವುದು, ಅಳತೆ ಮೀರಿದರೆ ಕೂಡಲೇ ತಿಳಿಸುವುದು. ‘ಅಬ್ಸರ್ವ್’ ಎಂದರೆ ಕಂಡದ್ದನ್ನು ಗ್ರಹಿಸುವುದು. ‘ಸೂಪರ್‌ವೈಸ್’ ಎಂದರೆ ಅಧಿಕಾರವಿರುವವರು ಬೇರೊಬ್ಬರ ಕೆಲಸದ ಉಸ್ತುವಾರಿ ಮಾಡುವುದು. ಆದ್ದರಿಂದ ರೋಗಿಯ ರಕ್ತದೊತ್ತಡವನ್ನು ನೀವು ‘ಸೂಪರ್‌ವೈಸ್’ ಮಾಡಲಾರಿರಿ.

ಉತ್ತರ (ಹಿರಿಯ ಶುಶ್ರೂಷಕಿ):
ಗುರುಗಳು ಹೇಳಿದ್ದನ್ನು ರಕ್ತ ಕೊಡುವ ಸಂದರ್ಭಕ್ಕೆ ಅನ್ವಯಿಸಿ ನೋಡಮ್ಮ. ಚೀಲದಲ್ಲಿನ ರಕ್ತ ಇಳಿಯತೊಡಗಿದ ಮೊದಲ 15 ನಿಮಿಷ ನಾವು ರೋಗಿಯ ಪಕ್ಕ ಬಿಟ್ಟು ಕದಲುವುದಿಲ್ಲ. ಚಳಿ, ತುರಿಕೆ, ಉಸಿರುಕಟ್ಟುವಿಕೆ ಕಾಣಿಸಿಕೊಂಡೀತೇ ಎಂದು ಕಾದು ನೋಡುತ್ತೇವೆ. ಅದು ‘ವಾಚ್ ಫಾರ್’. ಶುರುವಿಗೆ ಮುನ್ನ, 15 ನಿಮಿಷವಾದ ಮೇಲೆ, ಮುಗಿದಾಗ, ಹೀಗೆ ನಾಡಿ, ಜ್ವರ, ರಕ್ತದೊತ್ತಡಗಳನ್ನು ಅಳೆದು ಚಾರ್ಟಿನಲ್ಲಿ ಬರೆಯುವುದು ‘ಮಾನಿಟರ್’. ತೋಳಿನ ಮೇಲೆ ಕೆಂಪು ದದ್ದು ಎದ್ದದ್ದು ನಿನ್ನ ಕಣ್ಣಿಗೆ ಬಿದ್ದರೆ ‘ರ‍್ಯಾಶ್ ಅಬ್ಸರ್ವ್ಡ್’ ಎಂದು ಗಂಟೆಯ ಸಮೇತ ಬರೆಯಬೇಕು. ಆಮೇಲೆ ಆ ದಾಖಲೆಯನ್ನು ಓದುವ ವೈದ್ಯರಿಗೆ, ಯಾರು ಯಾವಾಗ ಅಳೆದರು, ಯಾರು ಬರಿದೇ ನೋಡಿದರು ಎಂಬುದು ಈ ಪದಗಳಿಂದಲೇ ತಿಳಿಯಬೇಕು. ಪದ ಮರುಕಳಿಸಿದರೆ ದಾಖಲೆಗೆ ಯಾವ ಕುಂದೂ ಇಲ್ಲ. ಅಂದಕ್ಕಾಗಿ ಅದನ್ನು ಬದಲಿಸಲೇಬೇಡ.

ಉತ್ತರ (ಅನುವಾದಕ):
ಕನ್ನಡದಲ್ಲಿಯೂ ಎಲ್ಲಕ್ಕೂ ‘ಗಮನಿಸು’ ಎಂದರೆ ಸಾಲದು. ‘ಮಾನಿಟರ್’ಗೆ ‘ನಿಗಾ ಇಡು’, ‘ಸರ್ವೇಲನ್ಸ್’ಗೆ ‘ಕಣ್ಗಾವಲು’, ‘ವಾಚ್ ಓವರ್’ಗೆ ‘ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳು’ ಎಂಬವು ಚೆನ್ನಾಗಿ ಹೊಂದುತ್ತವೆ. ಆದರೆ ಕಾನೂನಿನ ಸಂದರ್ಭದಲ್ಲಿ ನಿಘಂಟನ್ನೇ ನಂಬಬಾರದು. ಚುನಾವಣಾ ಆಯೋಗದ ‘ಅಬ್ಸರ್ವರ್’ ಅನ್ನು ನಾವು ‘ವೀಕ್ಷಕರು’ ಎನ್ನುತ್ತೇವೆ. ಹೊರದೇಶಗಳಿಂದ ಬರುವ ಚುನಾವಣಾ ವೀಕ್ಷಕರು ನೋಡಿ ವರದಿ ಮಾಡುವವರೇ ಹೊರತು ಮಧ್ಯಪ್ರವೇಶಿಸುವವರಲ್ಲ. ನಮ್ಮ ಆಯೋಗದ ವೀಕ್ಷಕರಿಗಾದರೋ 1996ರಲ್ಲಿ ಜನಪ್ರಾತಿನಿಧ್ಯ ಕಾಯ್ದೆಗೆ ಸೇರಿದ 20ಬಿ ಕಲಮಿನ ಪ್ರಕಾರ, ಮತಗಟ್ಟೆ ವಶದಂತಹ ಪ್ರಕರಣಗಳಲ್ಲಿ ಮತ ಎಣಿಕೆಯನ್ನು ನಿಲ್ಲಿಸುವಂತೆ ಚುನಾವಣಾಧಿಕಾರಿಗೆ ನಿರ್ದೇಶನ ನೀಡುವ ಅಧಿಕಾರವೂ ಇದೆ.

ಇನ್ನೊಂದು ಮಾತು: ‘ಓವರ್‌ಸೀ’ ಎಂದರೆ ಮೇಲ್ವಿಚಾರಣೆ, ‘ಓವರ್‌ಲುಕ್’ ಎಂದರೆ ಸಾಮಾನ್ಯವಾಗಿ ಗಮನಿಸದೆ ಬಿಟ್ಟುಬಿಡುವುದು. ವಾರ್ಡಿನ ದಾಖಲೆಯಲ್ಲಿ ಇವೆರಡು ಅದಲುಬದಲಾದರೆ ಅರ್ಥ ತಲೆಕೆಳಗಾಗುತ್ತದೆ.