ಮನೆಯಲ್ಲೇ ಓದಿದ ಮಕ್ಕಳು ಕಾಲೇಜಿನಲ್ಲಿ ನಿಭಾಯಿಸುತ್ತಾರಾ?

ಇಬ್ಬರಮ್ಮ
ಮಗಳಿಗೆ ಈಗ 15. ಎಂಟನೇ ವಯಸ್ಸಿನಿಂದ ಮನೆಯಲ್ಲೇ ಓದ್ತಿದ್ದಾಳೆ. ಗಣಿತ ಅವಳಪ್ಪ ಹೇಳಿಕೊಡ್ತಾರೆ, ಉಳಿದದ್ದು ನಾನು. ಇನ್ನು ಮೂರು ವರ್ಷಕ್ಕೆ ಕಾಲೇಜು. ಮೊನ್ನೆ ಹತ್ತಿರದ ಸಂಬಂಧಿಯೊಬ್ಬರು, "ಕೈಹಿಡಿದು ನಡೆಸಿದ ಮಗು ಇದು, ಇನ್ನೂರು ಜನರ ಕ್ಲಾಸಲ್ಲಿ ಕೂತರೆ ಮೊದಲ ಸೆಮಿಸ್ಟರಿಗೇ ಮುಳುಗಿಹೋಗುತ್ತೆ" ಅಂದರು. ಪಕ್ಕದ ಕೋಣೆಯಲ್ಲಿದ್ದ ಅವಳಿಗೆ ಅದು ಕೇಳಿಸಿತು. ರಾತ್ರಿ ಬಂದು "ಅಮ್ಮ, ನಿಜಾನಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೀಲಿಲ್ಲ. ನನಗೆ ಸಮಾಧಾನದ ಮಾತು ಬೇಡ. ಕಂಡವರು, ಅನುಭವಿಸಿದವರು ಇದ್ದದ್ದನ್ನ ಇದ್ದಹಾಗೆ ಹೇಳಿ. ಸರಿಪಡಿಸಿಕೊಳ್ಳೋದೇನಾದ್ರೂ ಇದ್ರೆ ಈಗಲೇ ಆಗಬೇಕು.

ಮುಕ್ತಕಲಿಕೆ
ಖಂಡಿತ ಮುಳುಗಲ್ಲ. ಗಂಟೆ ಹೊಡೆದಾಗ ಕೂತು, ಗಂಟೆ ಹೊಡೆದಾಗ ಎದ್ದು ಬೆಳೆದ ಮಗುವಿಗಿಂತ, ಬೇಕಾದ್ದನ್ನ ತಾನೇ ಹುಡುಕಿ ಓದಿದ ಮಗು ಕಾಲೇಜಿಗೆ ಹೆಚ್ಚು ತಯಾರಾಗಿರುತ್ತೆ. ಅಲ್ಲಿ ಯಾರೂ ಬೆನ್ನುಬಿದ್ದು ಓದಿಸಲ್ಲವಲ್ಲ. ಜಾನ್ ಹೋಲ್ಟ್ ಅನ್ನೋ ಅಮೆರಿಕದ ಶಿಕ್ಷಕ ವರ್ಷಗಟ್ಟಲೆ ಪಾಠ ಮಾಡಿ ಕಂಡುಕೊಂಡದ್ದು ಇದನ್ನೇ: ಎಷ್ಟೋ ಮಕ್ಕಳು ಕ್ಲಾಸಲ್ಲಿ ವಿಷಯ ಕಲಿಯಲ್ಲ, ಮೇಷ್ಟ್ರ ಮುಖ ನೋಡಿ ಉತ್ತರ ಊಹಿಸೋದನ್ನ ಕಲೀತಾರೆ. ಕೊನೆಗೆ ಶಾಲೆ ಸುಧಾರಿಸುತ್ತೆ ಅನ್ನೋ ಆಸೆಯನ್ನೇ ಬಿಟ್ಟು, 1977ರಲ್ಲಿ ಮನೆಯಲ್ಲಿ ಕಲಿಸೋರಿಗಾಗಿ ಪತ್ರಿಕೆ ಶುರುಮಾಡಿದರು. ನಿಮ್ಮ ಮಗಳಿಗೆ ಕುತೂಹಲ ಇದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತೆ.

ಹಳೇಮೇಷ್ಟ್ರು
ತಾನಾಗಿ ಬರುತ್ತೆ ಅನ್ನೋದನ್ನ ನಾನು ಒಪ್ಪಲ್ಲ. 22 ವರ್ಷ ಪದವಿಯ ಮೊದಲ ವರ್ಷಕ್ಕೆ ಭೌತಶಾಸ್ತ್ರ ಪಾಠ ಮಾಡಿದೀನಿ. ಮನೆಯಲ್ಲಿ ಓದಿ ಬಂದ ಏಳೆಂಟು ಮಕ್ಕಳು ನನ್ನ ಕೈಕೆಳಗೆ ಓದಿದಾರೆ. ಎಲ್ಲರೂ ಚೆನ್ನಾಗಿ ಓದಬಲ್ಲವರು, ಪ್ರಶ್ನೆ ಕೇಳೋಕೆ ಹಿಂಜರಿಯದವರು. ಆದರೆ ಪ್ರಯೋಗಾಲಯಕ್ಕೆ ಬಂದಾಗ ಅವರಲ್ಲಿ ಹೆಚ್ಚಿನವರ ಕೈ ಓಡ್ತಾ ಇರಲಿಲ್ಲ. ಬ್ಯೂರೆಟ್ ಅಂದರೆ ದ್ರವ ಅಳೆಯೋ, ಗೀಟು ಹಾಕಿರೋ ಗಾಜಿನ ಕೊಳವೆ; ಅದರಲ್ಲಿ ದ್ರವದ ಮೇಲ್ಮೈ ಬಾಗಿರುತ್ತಲ್ಲ, ಆ ಬಾಗಿನ ತಳಕ್ಕೆ ಕಣ್ಣು ಸಮವಾಗಿಟ್ಟು ಓದಬೇಕು ಅನ್ನೋದು ಪುಸ್ತಕದಲ್ಲಿ ಅವರಿಗೆ ಗೊತ್ತು, ಕೈಗೆ ಗೊತ್ತಿಲ್ಲ.

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ನೆನಪಾಗ್ತಾರೆ. ಶಾಲೆಯ ಮೆಟ್ಟಿಲು ಹತ್ತದೆ ಅಪ್ಪನ ಹತ್ತಿರವೇ ಓದಿ, ಮೂರನೇ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್ ಶುರುಮಾಡಿದ ಮಹಾಪಂಡಿತ. ಅವರೇ ಆತ್ಮಕಥೆಯಲ್ಲಿ, ಕೈಚಳಕ ಬೇಕಾದ ಕೆಲಸಗಳಲ್ಲಿ ತಾನು ಕೊನೆವರೆಗೂ ಹಿಂದೆಯೇ ಉಳಿದೆ ಅಂತ ಒಪ್ಪಿಕೊಂಡಿದಾರೆ. ಇಪ್ಪತ್ತನೇ ವಯಸ್ಸಲ್ಲಿ, 1826ರಲ್ಲಿ, ಮನಸ್ಸು ಪೂರ್ತಿ ಕುಸಿದುಹೋದದ್ದನ್ನೂ ಬರೆದಿದಾರೆ. ಮನೆಪಾಠದಿಂದಲೇ ಹಾಗಾಯ್ತು ಅಂತ ನಾನು ಹೇಳ್ತಿಲ್ಲ. ಒಬ್ಬನೇ ಗುರು, ಅವನೇ ಅಪ್ಪ, ಅವನೇ ಪರೀಕ್ಷಕ ಆಗಿರೋ ವ್ಯವಸ್ಥೆ ಮಗುವಿನ ಮೇಲೆ ಎಷ್ಟು ಭಾರ ಹಾಕುತ್ತೆ ಅನ್ನೋದನ್ನ ಮಾತ್ರ ಯೋಚಿಸಿ.

ಮುಕ್ತಕಲಿಕೆ
ಮೇಷ್ಟ್ರೇ, ಇನ್ನೂರು ವರ್ಷ ಹಿಂದಿನ ಒಬ್ಬ ಹುಡುಗನ ಕತೆಯಿಂದ ಇವತ್ತಿನ ಮಗುವಿನ ಭವಿಷ್ಯ ಹೇಳೋಕಾಗಲ್ಲ. ಶಾಲೆಯಲ್ಲಿ ಓದಿದವರ ಮನಸ್ಸು ಕುಸಿಯೋದೇ ಇಲ್ಲವಾ?

ಹಳೇಮೇಷ್ಟ್ರು
ಕುಸಿಯುತ್ತೆ. ಆ ಮಾತು ಒಪ್ಪಿದೆ.

ಅಂಕಿಅಂಶ
ಒಬ್ಬೊಬ್ಬರ ಕತೆ ಬಿಟ್ಟು ಅಧ್ಯಯನಗಳು ಏನು ಹೇಳುತ್ತವೆ ಅಂತ ನೋಡೋಣ. ನಾನು ಸಂಖ್ಯಾಶಾಸ್ತ್ರದವನು.

2010ರಲ್ಲಿ ಮೈಕೆಲ್ ಕೋಗನ್ ಅನ್ನೋರು ಅಮೆರಿಕದ ಒಂದು ವಿಶ್ವವಿದ್ಯಾಲಯದ ದಾಖಲೆ ತೆಗೆದು ನೋಡಿದರು. ಮನೆಯಲ್ಲಿ ಓದಿ ಬಂದವರ ಮೊದಲ ವರ್ಷದ ಸರಾಸರಿ ಗ್ರೇಡ್ 4ಕ್ಕೆ 3.41, ಒಟ್ಟು ವಿದ್ಯಾರ್ಥಿಗಳದ್ದು 3.12. ಪದವಿ ಮುಗಿಸಿದವರು ಇವರಲ್ಲಿ ಶೇ 66.7, ಒಟ್ಟಾರೆ ಶೇ 57.5. ಮನೆಪಾಠದ ಪರ ಇರೋರು ಎಲ್ಲ ಕಡೆ ತೋರಿಸೋದು ಇದನ್ನೇ. ಆದರೆ ಅಲ್ಲಿ ಮನೆಯಲ್ಲಿ ಓದಿ ಬಂದವರು ನೂರಕ್ಕೂ ಕಡಿಮೆ. ಅದೂ ಒಂದೇ ವಿಶ್ವವಿದ್ಯಾಲಯ. ಅದಕ್ಕಿಂತ ಮುಖ್ಯವಾದದ್ದು, ಅವರೆಲ್ಲ ಆಗಲೇ ಪ್ರವೇಶ ಗಿಟ್ಟಿಸಿದವರು. ಕಾಲೇಜಿನ ಬಾಗಿಲವರೆಗೂ ಬರಲಾಗದ ಮಕ್ಕಳು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ದಡ ಸೇರಿದವರನ್ನಷ್ಟೇ ಎಣಿಸಿದರೆ ಹೊಳೆ ಎಷ್ಟು ಆಳ ಅಂತ ತಿಳಿಯಲ್ಲ.

ಇನ್ನೊಂದು 1998ರದ್ದು, ಲಾರೆನ್ಸ್ ರಡ್ನರ್ ಅವರದು. 20 ಸಾವಿರಕ್ಕೂ ಹೆಚ್ಚು ಮಕ್ಕಳು, ಅಂಕಗಳು ಬೆರಗುಹುಟ್ಟಿಸುವಷ್ಟು ಚೆನ್ನಾಗಿವೆ. ಆದರೆ ಭಾಗವಹಿಸಿದವರು ತಾವಾಗಿ ಮುಂದೆ ಬಂದ ಕುಟುಂಬಗಳು. ಮನೆಪಾಠ ಶಾಲೆಗಿಂತ ಮೇಲು ಅಂತ ಇದರಿಂದ ಸಾಬೀತಾಗಲ್ಲ ಅಂತ ರಡ್ನರ್ ಅವರೇ ಬರೆದಿದಾರೆ. ಆ ಸಾಲನ್ನ ಮಾತ್ರ ಯಾರೂ ಹಂಚಿಕೊಳ್ಳಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಅಣ್ಣನಮಗನಕತೆ
ಬಾಗಿಲವರೆಗೂ ಬರಲಾಗದವರು ಅಂದ್ರಲ್ಲ, ನಮ್ಮ ಅಣ್ಣನ ಮಗ ಅಂಥವನು. ಹನ್ನೊಂದಕ್ಕೆ ಶಾಲೆ ಬಿಡಿಸಿದರು. ಅಣ್ಣ ಅತ್ತಿಗೆ ಇಬ್ಬರೂ ಒಳ್ಳೆ ಮನಸ್ಸಿನವರು, ಮಗನ ಮೇಲೆ ಪ್ರಾಣ. ಮೊದಲ ಎರಡು ವರ್ಷ ಚೆನ್ನಾಗೇ ನಡೀತು. ಆಮೇಲೆ ಬೀಜಗಣಿತ ಬಂತು, ಅದು ಅವರಿಬ್ಬರಿಗೂ ಬರ್ತಿರಲಿಲ್ಲ. "ಅವನಿಗೆ ಆಸಕ್ತಿ ಬಂದಾಗ ಕಲೀತಾನೆ" ಅಂತ ಮುಂದೂಡಿದರು. ಆಸಕ್ತಿ ಬರಲೇ ಇಲ್ಲ. 18ಕ್ಕೆ ಪ್ರವೇಶ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ ತೆಗೆದು ಕೂತಾಗ, ಎರಡು ಅಜ್ಞಾತಗಳಿರೋ ಸಮೀಕರಣ ಬಿಡಿಸೋಕೆ ಅವನಿಗೆ ಬರ್ತಿರಲಿಲ್ಲ. ಅವತ್ತು ಅವನು ಅತ್ತದ್ದನ್ನ ನಾನು ಕಣ್ಣಾರೆ ನೋಡಿದೀನಿ. ಹುಡುಗ ದಡ್ಡ ಅಲ್ಲ, ಆಮೇಲೆ ಎರಡು ವರ್ಷ ಟ್ಯೂಷನ್‌ಗೆ ಹೋಗಿ ಕಲಿತ. ಆದರೆ ಐದು ವರ್ಷ ಯಾರೂ ಗಮನಿಸಲಿಲ್ಲವಲ್ಲ, ಅದು ನನ್ನನ್ನ ಈಗಲೂ ಸುಡುತ್ತೆ. ಶಾಲೆಯಲ್ಲಿ ಇದ್ದಿದ್ರೆ ಫೇಲ್ ಆಗ್ತಿದ್ದ. ಆ ಫೇಲ್ ಆದರೂ ಯಾರನ್ನಾದ್ರೂ ಎಚ್ಚರಿಸ್ತಿತ್ತು.

ಇಬ್ಬರಮ್ಮ
ಇದನ್ನ ಓದಿ ಹೊಟ್ಟೆಯಲ್ಲಿ ಸಂಕಟ ಆಯ್ತು. ನಮ್ಮ ಮನೇಲಿ ಗಣಿತ ನಡೀತಿದೆ, ಆದ್ರೆ ಅವಳು ಎಲ್ಲಿದ್ದಾಳೆ ಅನ್ನೋದನ್ನ ಅವಳಪ್ಪ ಬಿಟ್ಟು ಬೇರೆ ಯಾರೂ ಅಳೆದಿಲ್ಲ.

ಅಂಕಿಅಂಶ
ಅಣ್ಣನ ಮಗನದು ಒಂಟಿ ಕತೆಯಲ್ಲ. ಅಮೆರಿಕದ ಕುಂಜ್‌ಮನ್ ಮತ್ತು ಗೈದರ್ ಅನ್ನೋ ಇಬ್ಬರು ವಿದ್ವಾಂಸರು ಈ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಜಾಲಾಡಿ 2013ರಲ್ಲಿ ವಿಮರ್ಶೆ ಬರೆದರು. ಮನೆಯಲ್ಲಿ ಓದಿದವರು ಭಾಷೆಯಲ್ಲಿ, ಓದುವುದರಲ್ಲಿ ತುಸು ಮುಂದೆ, ಗಣಿತದಲ್ಲಿ ತುಸು ಹಿಂದೆ ಅನ್ನೋ ಒಲವು ಅಲ್ಲಿ ಕಾಣುತ್ತೆ. ಕಾರಣ ಊಹಿಸೋದು ಕಷ್ಟ ಅಲ್ಲ. ಓದೋ ಹವ್ಯಾಸ ಇರೋ ಮನೆಯಲ್ಲಿ ಭಾಷೆ ಗಾಳಿಯ ಹಾಗೆ ಸಿಗುತ್ತೆ. ಗಣಿತ ಮೆಟ್ಟಿಲು, ನಡುವೆ ಒಂದು ಮುರಿದರೆ ಮುಂದಿನದಕ್ಕೆ ಕಾಲೆತ್ತೋಕಾಗಲ್ಲ.

ಮುಕ್ತಕಲಿಕೆಯವರಿಗೂ ಒಂದು ಮಾತು. ಕೆನಡಾದಲ್ಲಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ: ಮನೆಯಲ್ಲಿ ಓದುವ 37 ಮಕ್ಕಳು, ಶಾಲೆಯ 37 ಮಕ್ಕಳು. ಕ್ರಮಬದ್ಧವಾಗಿ ಮನೆಪಾಠ ನಡೆದವರು ಶಾಲೆಯವರಿಗಿಂತ ಮುಂದಿದ್ದರು. ಯಾವ ಕ್ರಮವೂ ಇಲ್ಲದೆ ಬಿಟ್ಟವರು ಹಿಂದಿದ್ದರು. ಮಕ್ಕಳೆಲ್ಲ 5ರಿಂದ 10 ವರ್ಷದವರು, ಸಂಖ್ಯೆಯೂ ಪುಟ್ಟದು, ಹಾಗಾಗಿ ಕಾಲೇಜಿನವರೆಗೂ ಇದನ್ನ ಎಳೆಯಬಾರದು. ಆದರೂ ಮನೆಪಾಠ ಅನ್ನೋ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಜೀವನ ಇದೆ ಅನ್ನೋದು ಇದರಿಂದ ಸ್ಪಷ್ಟ.

ಮುಕ್ತಕಲಿಕೆ
ಐದು ವರ್ಷದ ಮಗುವಿಗೆ ಪರೀಕ್ಷೆ ಕೊಟ್ಟು ಅಳೆದರೆ ಪರೀಕ್ಷೆಗೆ ತಯಾರಾದ ಮಗುವೇ ಮುಂದಿರುತ್ತೆ. ನಾನು ಅದನ್ನ ಕಲಿಕೆ ಅಂತ ಕರೆಯಲ್ಲ. ಆದರೆ ಅಣ್ಣನ ಮಗನ ವಿಷಯ ನನ್ನನ್ನೂ ಕಾಡ್ತಿದೆ. ಮಗುವನ್ನ ಮುಕ್ತವಾಗಿ ಬಿಡೋದು ಬೇರೆ, ಕೈಬಿಡೋದು ಬೇರೆ. ಆ ಮನೆಯಲ್ಲಿ ಆದದ್ದು ಎರಡನೆಯದು.

ಮನೆಯಲ್ಲೇಕಲಿತವಳು
ಇಲ್ಲಿವರೆಗೂ ಮಾತಾಡಿದವರೆಲ್ಲ ಹೊರಗಿನಿಂದ ನೋಡಿದವರು. ನಾನು 17ರವರೆಗೆ ಮನೆಯಲ್ಲೇ ಓದಿ, ಕಾಲೇಜು ಸೇರಿ, ಪದವಿ ಮುಗಿಸಿದವಳು. ಇಬ್ಬರಮ್ಮ ಅವರೇ, ನಿಮ್ಮ ಮಗಳಿಗೆ ಇದನ್ನ ಓದಿಹೇಳಿ.

ನಾನು ಮುಳುಗಲಿಲ್ಲ. ಆದರೆ ಮೊದಲ ಆರು ತಿಂಗಳು ಬಹಳ ಕಷ್ಟ ಆಯ್ತು, ಮತ್ತು ಜನ ಹೆದರಿಸಿದ ಕಾರಣಗಳಿಗಾಗಿ ಅಲ್ಲ. ಇನ್ನೂರು ಜನರ ಕ್ಲಾಸು ಭಯ ಹುಟ್ಟಿಸಲಿಲ್ಲ. ಸ್ನೇಹಿತರೂ ಸಿಕ್ಕರು. ದೊಡ್ಡವರ ಜೊತೆ ಮಾತಾಡಿ ಬೆಳೆದದ್ದರಿಂದ ಅಧ್ಯಾಪಕರ ಕೋಣೆಗೆ ಹೋಗೋಕೆ ಸಂಕೋಚ ಇರಲಿಲ್ಲ. ಓದಬೇಕಾದ ಪುಸ್ತಕಗಳ ಪಟ್ಟಿ ಕೊಟ್ಟಾಗ ಉಳಿದವರು ಗಾಬರಿಯಾದರೆ ನನಗೆ ಹಬ್ಬ.

ನನಗೆ ಬರದೇ ಇದ್ದದ್ದು ಇವು. ಒಬ್ಬರು ಐವತ್ತು ನಿಮಿಷ ನಿಲ್ಲಿಸದೆ ಮಾತಾಡ್ತಿರುವಾಗ ಕೇಳ್ತಾನೇ ಬರೆದುಕೊಳ್ಳೋದು. ಮನೆಯಲ್ಲಿ ಅರ್ಥವಾಗದಿದ್ದರೆ "ಅಮ್ಮ, ತಡಿ" ಅಂದರೆ ಅಮ್ಮ ನಿಲ್ಲಿಸ್ತಿದ್ದಳು. ಗಡಿಯಾರ ನೋಡಿ ಬರೆಯೋದು. ಮೂರು ಗಂಟೆಯ ಪತ್ರಿಕೆಯಲ್ಲಿ ಮೊದಲ ಎರಡು ಪ್ರಶ್ನೆಗೇ ಪೂರ್ತಿ ಹೊತ್ತು ಕಳೆದೆ, ಬಹಳ ಚೆನ್ನಾಗಿ ಬರೆದಿದ್ದೆ, ಮಿಕ್ಕ ಮೂರು ಖಾಲಿ. ಇಷ್ಟವಿಲ್ಲದ ವಿಷಯವನ್ನ ಇಷ್ಟವಿಲ್ಲದೆಯೂ ಓದಿ ಮುಗಿಸೋದು. ಎಲ್ಲಕ್ಕಿಂತ ದೊಡ್ಡದು, ನನ್ನ ಪರಿಚಯವೇ ಇಲ್ಲದವರು ನನ್ನ ಬರಹಕ್ಕೆ ಕೆಂಪು ಶಾಯಿ ಹಚ್ಚೋದು. ಮೊದಲ ಪ್ರಬಂಧ ವಾಪಸ್ ಬಂದಾಗ ಅಂಚಿನಲ್ಲಿ "ಇದಕ್ಕೆ ಆಧಾರ?" ಅಂತ ನಾಲ್ಕು ಕಡೆ ಬರೆದಿತ್ತು. ನಾನು ಆ ರಾತ್ರಿ ಊಟ ಮಾಡಲಿಲ್ಲ. ಅಮ್ಮ ಏಳೆಂಟು ವರ್ಷ ನನ್ನ ಪ್ರಬಂಧ ತಿದ್ದಿದಾಳೆ, ಕಾಗುಣಿತ ತಿದ್ದಿದಾಳೆ, ವಾಕ್ಯ ತಿದ್ದಿದಾಳೆ. ಆದರೆ ಅವಳಿಗೆ ನಾನು ಏನು ಹೇಳೋಕೆ ಹೊರಟಿದೀನಿ ಅಂತ ಬರೆಯೋ ಮೊದಲೇ ಗೊತ್ತಿರ್ತಿತ್ತು. ನಾನು ಬಿಟ್ಟ ಜಾಗವನ್ನ ಅವಳೇ ಮನಸ್ಸಲ್ಲಿ ತುಂಬಿಕೊಂಡು ಓದ್ತಿದ್ದಳು. ಹೊರಗಿನವರು ಹಾಗೆ ತುಂಬಿಕೊಳ್ಳಲ್ಲ.

ಹಳೇಮೇಷ್ಟ್ರು
ಈ ಹುಡುಗಿ ಹೇಳಿದ್ದು ನನ್ನ 22 ವರ್ಷಕ್ಕಿಂತ ತೂಕದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇದು ಅದಕ್ಕಿಂತ ಸೂಕ್ಷ್ಮ. ತಾಯಿ ಮುದ್ದು ಮಾಡಿ ಅಂಕ ಹೆಚ್ಚು ಕೊಡ್ತಾಳೆ ಅಂತಲ್ಲ, ಅವಳಿಗೆ ಮಗು ತಪ್ಪಿ ನುಡಿದದ್ದೂ ಸರಿಯಾಗೇ ಕೇಳಿಸುತ್ತೆ.

ಇಬ್ಬರಮ್ಮ ಅವರಿಗೆ ನಾನು ಮೊದಲು ದೂರು ಮಾತ್ರ ಹೇಳಿದ್ದೆ, ದಾರಿ ಹೇಳಿರಲಿಲ್ಲ. ಪ್ರಯೋಗಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ಒಂದು ದಾರ, ಒಂದು ಕಲ್ಲು. ಗಂಟಿನಿಂದ ಕಲ್ಲಿನ ನಡುವಿಗೆ ಒಂದು ಮೀಟರ್ ಇರೋ ಹಾಗೆ ತೂಗುಹಾಕಿ, ತುಸುವೇ ಎಳೆದು ಬಿಡಲಿ. 20 ಸಲ ಪೂರ್ತಿ ಹೋಗಿ ವಾಪಸ್ ಬರೋಕೆ ಎಷ್ಟು ಹೊತ್ತು ಅಂತ ಅಳೆಯಲಿ, 40 ಸೆಕೆಂಡಿನ ಆಸುಪಾಸು ಬರುತ್ತೆ. ಇದನ್ನ ಹತ್ತು ಸಲ ಮಾಡಲಿ. ಹತ್ತೂ ಸಲ ಒಂದೇ ಉತ್ತರ ಬಂದರೆ ಅವಳು ಸುಳ್ಳು ಬರೆದಿದ್ದಾಳೆ ಅಂತ ಅರ್ಥ! ಬೇರೆ ಬೇರೆ ಯಾಕೆ ಬಂತು, ಎಷ್ಟು ಬೇರೆ ಬಂತು, ದಾರದ ಉದ್ದ ಅಳೆಯೋದರಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ಈ ಅಳತೆಗಳಿಂದ ತೆಗೆಯೋ ಗುರುತ್ವದ ಲೆಕ್ಕ 9.8ರಿಂದ ಎಷ್ಟು ಸರಿಯುತ್ತೆ, ಇದನ್ನೆಲ್ಲ ಬರೆಯಲಿ. ಹೊಲಿದ ಪುಸ್ತಕದಲ್ಲಿ, ಪೆನ್ನಲ್ಲಿ. ತಪ್ಪಾದರೆ ಅಳಿಸಬಾರದು, ಒಂದು ಗೀಟು ಎಳೆದು ಪಕ್ಕದಲ್ಲಿ ಬರೆಯಬೇಕು. ಈ ಅಭ್ಯಾಸ ಇರೋ ವಿದ್ಯಾರ್ಥಿ ಪ್ರಯೋಗಾಲಯದಲ್ಲಿ ಸಲಕರಣೆಯ ಪರಿಚಯ ಇಲ್ಲದಿದ್ದರೂ ಎರಡು ವಾರದಲ್ಲಿ ಸರಿಹೋಗ್ತಾರೆ. ಬಂದ ಉತ್ತರವನ್ನ ಪುಸ್ತಕದ ಉತ್ತರಕ್ಕೆ ಹೊಂದಿಸೋ ಚಾಳಿ ಇರೋರನ್ನ ತಿದ್ದೋಕೆ ಮೂರು ವರ್ಷ ಸಾಲಲ್ಲ. ನಿಜ ಹೇಳಬೇಕು ಅಂದರೆ, ಆ ಚಾಳಿ ನಾನು ಹೆಚ್ಚು ಕಂಡದ್ದು ಶಾಲೆಯಿಂದ ಬಂದ ಮಕ್ಕಳಲ್ಲಿ.

ಮುಕ್ತಕಲಿಕೆ
ಕೊನೆಯ ಸಾಲಿಗೆ ಧನ್ಯವಾದ ಮೇಷ್ಟ್ರೇ.

ಅಂಕಿಅಂಶ
ಪ್ರವೇಶದ ದಾಖಲೆಗಳನ್ನ ಮರೀಬೇಡಿ. ಅಮೆರಿಕದ ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯ ಎಮ್‌ಐಟಿಯಂಥ ಸಂಸ್ಥೆ ಹೈಸ್ಕೂಲು ಡಿಪ್ಲೊಮಾ ಇರಲೇಬೇಕು ಅಂತ ಕೇಳಲ್ಲ. ಎಲ್ಲ ಕಡೆಯೂ ಹಾಗಿಲ್ಲ, ಎಷ್ಟೋ ಕಡೆ ಮಾನ್ಯವಾದ ಮಂಡಳಿಯ ಪ್ರಮಾಣಪತ್ರ ಇಲ್ಲದೆ ಅರ್ಜಿಯನ್ನೇ ತಗೊಳ್ಳಲ್ಲ. ಅವಳು ಸೇರಬೇಕು ಅಂದುಕೊಂಡ ಕಾಲೇಜುಗಳ ನಿಯಮ ಈಗಲೇ ಓದಿ. ಖಾಸಗಿ ಅಭ್ಯರ್ಥಿಯಾಗಿ ಬರೆಯೋ ಪರೀಕ್ಷೆಗೂ ನೋಂದಣಿ ಬೇಗನೇ ಮುಗಿದಿರುತ್ತೆ. ಏನು ಓದಿದಳು, ಯಾವ ಪುಸ್ತಕ, ಯಾವ ವರ್ಷ ಅನ್ನೋದನ್ನ ಇವತ್ತಿನಿಂದ ಬರೆದಿಡಿ. ಮೂರು ವರ್ಷ ಬಿಟ್ಟು ನೆನಪಿಸಿಕೊಂಡು ಬರೆದದ್ದು ಯಾರಿಗೂ ನಂಬಿಕೆ ಹುಟ್ಟಿಸಲ್ಲ.

ಅಣ್ಣನಮಗನಕತೆ
ಗಣಿತಕ್ಕೆ ಹೊರಗಿನ ಒಂದು ಪರೀಕ್ಷೆ ಈ ತಿಂಗಳೇ ಬರೆಸಿ. ಅಂಕ ಎಷ್ಟೇ ಬರಲಿ. ಇಷ್ಟು ಒತ್ತಿ ಹೇಳ್ತಿರೋದಕ್ಕೆ ಕ್ಷಮಿಸಿ.

ಇಬ್ಬರಮ್ಮ
ಕ್ಷಮೆ ಯಾಕೆ, ನೀವು ಹೇಳದಿದ್ರೆ ಈ ಯೋಚನೆ ಬರ್ತಿರಲಿಲ್ಲ. ಇಡೀ ಚರ್ಚೆಯನ್ನ ಮಗಳ ಜೊತೆ ಕೂತು ಓದಿದೆ. ಮನೆಯಲ್ಲೇ ಕಲಿತವರು ಬರೆದದ್ದನ್ನ ಅವಳು ಎರಡು ಸಲ ಓದಿದಳು. ಆಮೇಲೆ "ನನ್ನ ಪ್ರಬಂಧನ ನೀನು ಬಿಟ್ಟು ಬೇರೆ ಯಾರೂ ಓದಿಲ್ಲ ಅಲ್ವಾ?" ಅಂದಳು. ಹೌದು, ಏಳು ವರ್ಷದಲ್ಲಿ ಒಬ್ಬರೂ ಇಲ್ಲ. ಹಳೇ ಮೇಷ್ಟ್ರೇ, ಮನೆಯಲ್ಲೇ ಕಲಿತವರೇ, ನಿಮಗೆ ಬಿಡುವಿದ್ದರೆ ಅವಳ ಒಂದು ಪ್ರಬಂಧ ನೋಡ್ತೀರಾ? ಮಳೆನೀರು ಹಿಡಿದಿಡೋದರ ಬಗ್ಗೆ ಬರೆದಿದ್ದಾಳೆ, ಆರು ಪುಟ.

ಹಳೇಮೇಷ್ಟ್ರು
ಕಳಿಸಿ. ನೀವು ತಿದ್ದಿದ ಪ್ರತಿ ಬೇಡ, ಅವಳು ಮೊದಲು ಬರೆದದ್ದು.

ಮನೆಯಲ್ಲೇಕಲಿತವಳು
ನನಗೂ ಕಳಿಸಿ. ಕೆಂಪು ಶಾಯಿ ನೋಡಿದ ರಾತ್ರಿ ಅವಳಿಗೆ ಮಾತಾಡಬೇಕು ಅನಿಸಿದರೆ ನಾನು ಇಲ್ಲೇ ಇರ್ತೀನಿ.